ದೇವಕರೆ: ಅದು ಹೇಗೆ ಬರುತ್ತದೆ, ಅದಕ್ಕೆ 'ಆಗಲಿ' ಅನ್ನುವುದು ಹೇಗೆ?

"ದೇವಕರೆಗಳು ಹೆಚ್ಚಲಿ ಎಂದು ಪ್ರಾರ್ಥಿಸೋಣ" ಎಂಬ ಮಾತು ಕಥೋಲಿಕರಿಗೆ ಹೊಸದಲ್ಲ. ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಕೇಳಿರುತ್ತೇವೆ, ಎಲ್ಲರ ಜೊತೆ ಪ್ರಾರ್ಥಿಸಿರುತ್ತೇವೆ, ಮನೆಗೆ ಬರುವಷ್ಟರಲ್ಲಿ ಮರೆತೂ ಬಿಟ್ಟಿರುತ್ತೇವೆ. ಆದರೆ ಒಂದು ದಿನ ಮನೆಯ ಮಗನೇ "ನಾನು ಫಾದರ್ ಆಗಬೇಕು ಅಂತಿದ್ದೀನಿ" ಅಂದರೆ? ಓದು ಮುಗಿಸಿದ ಮಗಳು "ಸಿಸ್ಟರ್ ಆಗೋ ಆಸೆ ಇದೆ" ಅಂದರೆ? ಆಗ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇದು ನಿಜವಾಗಿ ದೇವರ ಕರೆಯಾ, ಎಳೆ ವಯಸ್ಸಿನ ಹುಮ್ಮಸ್ಸಾ? ದೇವರು ಕರೆದದ್ದು ಇವರಿಗೆ ಹೇಗೆ ಗೊತ್ತಾಯಿತು? ಒಮ್ಮೆ ಒಪ್ಪಿಕೊಂಡರೆ ವಾಪಸ್ ಬರಬಹುದಾ? ಮತ್ತೆ, ಮದುವೆಯಾಗಿ ಸಂಸಾರ ಮಾಡುತ್ತಿರುವ ನಮ್ಮನ್ನು ದೇವರು ಕರೆಯುವುದೇ ಇಲ್ವಾ?

ಈ ಪ್ರಶ್ನೆಗಳು ಈಚೆಗೆ ಮತ್ತೆ ಮುಂದೆ ಬಂದಿವೆ. 2025ರ ಮೇ 8ರಂದು 14ನೇ ಲಿಯೋ ಪೋಪ್ ಆಗಿ ಆಯ್ಕೆಯಾದರು. ಮೂರೇ ದಿನಕ್ಕೆ, ಮೇ 11ಕ್ಕೆ, ದೇವಕರೆಗಳಿಗಾಗಿ ಪ್ರಾರ್ಥಿಸುವ ಭಾನುವಾರ ಬಂತು. ಅಂದು ಅವರು ಯುವಜನರಿಗೆ ಹೇಳಿದ್ದು ಇಷ್ಟೇ: ಹೆದರಬೇಡಿ, ಧರ್ಮಸಭೆಯ (ಚರ್ಚ್‌ನ) ಮತ್ತು ಕ್ರಿಸ್ತನ ಆಹ್ವಾನವನ್ನು ಒಪ್ಪಿಕೊಳ್ಳಿ. ಈ ಭಾನುವಾರದ ಆಚರಣೆಯನ್ನು 1964ರಲ್ಲಿ ಶುರು ಮಾಡಿದವರು ಪೋಪ್ 6ನೇ ಪೌಲ್. ಪ್ರತಿವರ್ಷ ಪಾಸ್ಕ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ಅದು ಬರುತ್ತದೆ. ಅವತ್ತು ಯೇಸು ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಳ್ಳುವ ಅಧ್ಯಾಯದಿಂದ ಶುಭಸಂದೇಶದ ವಾಚನ ಇರುತ್ತದೆ.

ದೇವಕರೆ ಅಂದರೆ ಏನು?

ದೇವರು ಒಬ್ಬ ವ್ಯಕ್ತಿಯನ್ನು ಹೆಸರು ಹಿಡಿದು ತನ್ನ ಹತ್ತಿರಕ್ಕೆ ಕರೆಯುತ್ತಾನೆ, ಆ ವ್ಯಕ್ತಿ ತನ್ನ ಬದುಕಿನಿಂದಲೇ ಅದಕ್ಕೆ ಉತ್ತರ ಕೊಡುತ್ತಾನೆ. ದೇವಕರೆ ಎಂದರೆ ಇದು. ಗುರುಗಳಾಗುವುದು (ಅಂದರೆ ಫಾದರ್ ಆಗುವುದು), ಕನ್ಯಾಸ್ತ್ರೀ ಆಗುವುದು ಇದರ ಒಂದು ಭಾಗ ಮಾತ್ರ.

ಎಲ್ಲಕ್ಕಿಂತ ಮೊದಲ ಕರೆ ಜ್ಞಾನಸ್ನಾನದಲ್ಲೇ (ಬ್ಯಾಪ್ಟಿಸಂ) ಬಂದಿರುತ್ತದೆ. ಪವಿತ್ರವಾಗಿ ಬದುಕು, ದೇವರನ್ನೂ ಜನರನ್ನೂ ಪ್ರೀತಿಸು ಎಂಬ ಕರೆ ಅದು. ಇದಕ್ಕೆ ಹೊರತಾದ ಕ್ರೈಸ್ತರು ಒಬ್ಬರೂ ಇಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಬಗ್ಗೆ 1964ರಲ್ಲಿ ಹೊರಡಿಸಿದ ದಾಖಲೆಯಲ್ಲಿ ಒಂದು ಇಡೀ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿತು. ಪವಿತ್ರತೆ ಮಠದ ಗೋಡೆಯೊಳಗಿನವರಿಗೆ ಮೀಸಲಾದದ್ದು, ಉಳಿದವರು ಹೇಗೋ ಪಾಸಾದರೆ ಸಾಕು ಎಂಬ ಭಾವನೆ ಬಹಳ ಕಾಲ ಜನರಲ್ಲಿ ಬೇರೂರಿತ್ತು. ಮಹಾಸಭೆ ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿತು.

ಎರಡನೆಯದು ಬದುಕಿನ ದಾರಿಯ ಕರೆ. ಮದುವೆ, ಗುರುಜೀವನ, ಸನ್ಯಾಸ ಜೀವನ, ದೇವರಿಗಾಗಿ ಒಂಟಿಯಾಗಿ ಲೋಕದಲ್ಲೇ ಇದ್ದು ಸೇವೆ ಮಾಡುವುದು, ಇವೆಲ್ಲ ಆ ದಾರಿಗಳು. ಇವುಗಳ ಒಳಗೆ ದಿನದಿನದ ಕರೆಯೂ ಇದೆ. ಇವತ್ತು ಯಾರನ್ನು ಕ್ಷಮಿಸಬೇಕು, ಯಾರ ಹತ್ತಿರ ಹೋಗಿ ಕೂರಬೇಕು, ಯಾವ ಕೆಲಸ ಬಿಡಬೇಕು ಅನ್ನುವಂಥದ್ದು. ದೊಡ್ಡ ಕರೆಗೆ ಕಿವಿ ತೆರೆಯುವುದು ಬಹುಪಾಲು ಈ ಸಣ್ಣ ಕರೆಗಳನ್ನು ಕೇಳಿಸಿಕೊಂಡ ಅಭ್ಯಾಸದಿಂದಲೇ.

ಹುಡುಗ ಸಮುವೇಲ ಮೂರು ಸಲ ಎದ್ದು ಓಡಿದ್ದು

ಬೈಬಲಿನಲ್ಲಿ ಕರೆಯ ಕಥೆಗಳು ತುಂಬಾ ಇವೆ. ಅದರಲ್ಲಿ ಸಮುವೇಲನದನ್ನು ನಿಧಾನವಾಗಿ ಓದಬೇಕು. ಹುಡುಗ ದೇವಾಲಯದಲ್ಲಿ ಮಲಗಿದ್ದಾನೆ. ದೀಪ ಇನ್ನೂ ಆರಿಲ್ಲ. ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮುದಿ ಯಾಜಕ ಏಲಿಯೇ ಕರೆದನೆಂದು ಸಮುವೇಲ ಓಡುತ್ತಾನೆ: "ಇಗೋ ಬಂದೆ, ಕರೆದಿರಲ್ಲ." ಏಲಿ, "ನಾನು ಕರೆಯಲಿಲ್ಲ, ಹೋಗಿ ಮಲಗು" ಅನ್ನುತ್ತಾನೆ. ಮತ್ತೆ ಕರೆ, ಮತ್ತೆ ಓಟ, ಮತ್ತೆ ಅದೇ ಮಾತು. ಮೂರನೇ ಸಲ ಹುಡುಗ ಬಂದು ನಿಂತಾಗ ಏಲಿಗೆ ಹೊಳೆಯುತ್ತದೆ, ಇವನನ್ನು ಕರೆಯುತ್ತಿರುವವನು ದೇವರು ಎಂದು. "ಇನ್ನೊಮ್ಮೆ ಕರೆದರೆ, ಮಾತಾಡು ಪ್ರಭುವೇ, ನಿನ್ನ ದಾಸ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನು" ಎಂದು ಹೇಳಿಕೊಡುತ್ತಾನೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಕರೆ ಬಂದವನಿಗೇ ಅದು ದೇವರ ಕರೆ ಎಂದು ತಿಳಿಯಲಿಲ್ಲ. ಅದು ಅವನಿಗೆ ಪರಿಚಯದ ಒಬ್ಬರ ದನಿಯಂತೆ ಕೇಳಿಸಿತು. ಎರಡು, ಅದನ್ನು ಗುರುತಿಸಲು ಇನ್ನೊಬ್ಬರು ಬೇಕಾದರು. ಏಲಿ ಆದರ್ಶ ಯಾಜಕನೇನಲ್ಲ. ತನ್ನ ಮಕ್ಕಳು ದಾರಿ ತಪ್ಪಿದಾಗ ತಡೆಯಲಾರದೆ ಹೋದವನು. ಕಣ್ಣೂ ಮಂಜಾಗಿತ್ತು. ಆದರೂ ಆ ರಾತ್ರಿ ಅವನಿಲ್ಲದಿದ್ದರೆ ಹುಡುಗ ಬೆಳಗಾಗುವ ತನಕ ಹಾಗೇ ಓಡಾಡುತ್ತಿದ್ದನೇನೋ. ಈ ಕಥೆಯಲ್ಲಿ ನನಗೆ ಸಮುವೇಲನಷ್ಟೇ ಏಲಿಯೂ ಮುಖ್ಯ ಅನ್ನಿಸುತ್ತಾನೆ.

ಉಳಿದವರಿಗೆ ಬಂದ ಕರೆಗಳೂ ಒಂದೊಂದು ಥರ. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯ ಮುಂದೆ ನಿಂತ ಮೋಶೆ, "ನಾನ್ಯಾರು ಹೋಗೋಕೆ", "ಜನ ನನ್ನನ್ನು ನಂಬುವುದಿಲ್ಲ", "ನನಗೆ ಮಾತು ಬರುವುದಿಲ್ಲ" ಎಂದು ಒಂದಾದ ಮೇಲೆ ಒಂದು ನೆಪ ಹೇಳಿ, ಕೊನೆಗೆ "ಬೇರೆ ಯಾರನ್ನಾದರೂ ಕಳಿಸು" ಎಂದೇ ಬೇಡಿಕೊಂಡ. ಯೆರೆಮೀಯ "ನಾನಿನ್ನೂ ಹುಡುಗ" ಅಂದ. ಯೋನ ಹಡಗು ಹತ್ತಿ ಎದುರು ದಿಕ್ಕಿಗೇ ಹೊರಟ. ಮತ್ತಾಯನಾದರೋ ಸುಂಕದ ಕಟ್ಟೆಯಲ್ಲಿ ಕೂತಿದ್ದವನು, "ನನ್ನನ್ನು ಹಿಂಬಾಲಿಸು" ಎಂಬ ಒಂದೇ ಮಾತಿಗೆ ಎದ್ದು ನಡೆದ. ಹಿಂಜರಿದರೆ ಕರೆ ಸುಳ್ಳು ಎಂದಾಗಲಿ, ತಕ್ಷಣ ಎದ್ದುಬಿಟ್ಟರೆ ಅದೇ ನಿಜವಾದ ಕರೆ ಎಂದಾಗಲಿ ಬೈಬಲ್ ಹೇಳುವುದಿಲ್ಲ.

ಮರಿಯಮ್ಮನ ಪ್ರಶ್ನೆ

ಕರೆಯನ್ನು ಒಪ್ಪಿಕೊಳ್ಳುವುದು ಅಂದಾಗ ಕಥೋಲಿಕ ಭಕ್ತಿಗೆ ಮೊದಲು ನೆನಪಾಗುವವರು ಮಾತೆ ಮರಿಯಮ್ಮ. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಗಬ್ರಿಯೇಲ್ ದೂತ ಆಕೆಗೆ, ನೀನು ಗರ್ಭಿಣಿಯಾಗಿ ಮಗನನ್ನು ಹೆರುವೆ ಅನ್ನುತ್ತಾನೆ. ಆಕೆ ತಕ್ಷಣ ಒಪ್ಪಿಬಿಡುವುದಿಲ್ಲ. ಮೊದಲು ಕಳವಳಪಡುತ್ತಾಳೆ. ಈ ವಂದನೆ ಏನಿರಬಹುದು ಎಂದು ಯೋಚಿಸುತ್ತಾಳೆ. ಆಮೇಲೆ ಕೇಳುತ್ತಾಳೆ: "ಇದು ಹೇಗಾದೀತು?" ದೂತ ಬೇಸರಪಡದೆ ವಿವರಿಸುತ್ತಾನೆ. ಎಲ್ಲ ಕೇಳಿದ ಮೇಲಷ್ಟೇ ಆಕೆಯ ಉತ್ತರ: "ಇಗೋ, ನಾನು ಪ್ರಭುವಿನ ದಾಸಿ, ನಿನ್ನ ಮಾತಿನಂತೆ ನನಗಾಗಲಿ."

ಧರ್ಮಸಭೆ ಈ ಒಪ್ಪಿಗೆಗೆ ಅಷ್ಟೊಂದು ಮಹತ್ವ ಕೊಡುವುದಕ್ಕೆ ಕಾರಣವಿದೆ. ದೇವರು ಆಕೆಯನ್ನು ಕೇಳಿದ, ಉತ್ತರಕ್ಕಾಗಿ ಕಾದ. 12ನೇ ಶತಮಾನದ ಸಂತ ಬರ್ನಾರ್ಡರು ತಮ್ಮ ಒಂದು ಪ್ರಬೋಧನೆಯಲ್ಲಿ ಇದನ್ನು ಬಹಳ ಸೊಗಸಾಗಿ ಹೇಳಿದ್ದಾರೆ. ದೂತ ಕಾಯುತ್ತಿದ್ದಾನೆ, ಇಡೀ ಲೋಕ ನಿನ್ನ ಉತ್ತರಕ್ಕಾಗಿ ಕಾಯುತ್ತಿದೆ, ಬೇಗ ಹೇಳು ತಾಯಿ ಎಂದು ಅವರು ಮರಿಯಮ್ಮನನ್ನೇ ಬೇಡಿಕೊಳ್ಳುತ್ತಾರೆ. ಆಕೆ ಬೇಡ ಅನ್ನಬಹುದಿತ್ತು ಎಂಬ ತಿಳಿವಳಿಕೆ ಇಲ್ಲದೆ ಆ ಬೇಡಿಕೆಗೆ ಅರ್ಥವೇ ಇರುವುದಿಲ್ಲ, ಅಲ್ವಾ?

ಈ ಒಪ್ಪಿಗೆಯನ್ನು ಕಥೋಲಿಕರು ದಿನಕ್ಕೆ ಮೂರು ಸಲ ನೆನೆಯುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಬಾರಿಸಿದಾಗ ಹೇಳುವ ತ್ರಿಕಾಲ ಪ್ರಾರ್ಥನೆ ಮುಖ್ಯವಾಗಿ ಈ ಸಂಭಾಷಣೆಯ ಮೇಲೇ ನಿಂತಿದೆ. ಜಪಸರ (ರೋಸರಿ) ಹೇಳುವಾಗ ಧ್ಯಾನಿಸುವ ಘಟನೆಗಳಿಗೆ ರಹಸ್ಯಗಳು ಎನ್ನುತ್ತಾರೆ; ಸಂತೋಷದ ರಹಸ್ಯಗಳಲ್ಲಿ ಮೊದಲನೆಯದೂ ಇದೇ. ಜೊತೆಗೆ ಮರಿಯಮ್ಮನ ಪತಿ ಸಂತ ಜೋಸೆಫರನ್ನೂ ನೆನೆಯಬೇಕು. ಶುಭಸಂದೇಶಗಳಲ್ಲಿ ಅವರು ಆಡಿದ ಒಂದೇ ಒಂದು ಮಾತು ಇಲ್ಲ. ಕನಸಿನಲ್ಲಿ ದೂತ ಹೇಳಿದ್ದನ್ನು ಕೇಳಿ, ಎದ್ದು, ಹಾಗೇ ಮಾಡಿದರು ಎಂದಷ್ಟೇ ಇದೆ. ಅವರ ಉತ್ತರ ಪೂರ್ತಿ ನಡೆಯಲ್ಲೇ ಇತ್ತು.

ದನಿ ಕೇಳಿಸುತ್ತಾ? ಗೊತ್ತಾಗುವುದು ಹೇಗೆ?

ಬಹುತೇಕರಿಗೆ ಕಿವಿಗೆ ಕೇಳುವಂಥ ದನಿ ಬರುವುದಿಲ್ಲ. ಒಂದು ಆಸೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ವಾಚನ ಮನಸ್ಸಿಗೆ ನಾಟುತ್ತದೆ. ಯಾರೋ ಸುಮ್ನೆ "ನೀನ್ಯಾಕೆ ಗುರುಗಳಾಗಬಾರದು?" ಎಂದು ಕೇಳಿದ್ದು ವರ್ಷಗಟ್ಟಲೆ ಒಳಗೇ ಉಳಿಯುತ್ತದೆ. ಇಂಥವುಗಳಲ್ಲಿ ಯಾವುದು ದೇವರಿಂದ, ಯಾವುದು ನಮ್ಮ ಮನಸ್ಸಿನ ಆಟ ಎಂದು ಪ್ರಾರ್ಥನೆಯಲ್ಲಿ ಬೇರ್ಪಡಿಸಿ ನೋಡುವುದಕ್ಕೆ ವಿವೇಚನೆ ಎನ್ನುತ್ತಾರೆ.

ಇದನ್ನು ಅತ್ಯಂತ ಚೆನ್ನಾಗಿ ಕಲಿಸಿಕೊಟ್ಟವರು ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸ್. ಅವರು ಅದನ್ನು ಕಲಿತದ್ದು ಹಾಸಿಗೆ ಹಿಡಿದಾಗ. 1521ರಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾದಾಟದಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಮನೆಯಲ್ಲಿ ಮಲಗಿದ್ದಾಗ ಹೊತ್ತು ಕಳೆಯಲು ವೀರಯೋಧರ ಕಥೆಪುಸ್ತಕಗಳನ್ನು ತಂದುಕೊಡಿ ಎಂದರು. ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ. ಓದಿ ಪುಸ್ತಕ ಕೆಳಗಿಟ್ಟಾಗ ಮನಸ್ಸು ಎರಡು ಕಡೆ ಓಡುತ್ತಿತ್ತು. ಒಮ್ಮೆ, ತಾನು ಮೆಚ್ಚಿದ ದೊಡ್ಡ ಮನೆತನದ ಹೆಣ್ಣಿಗಾಗಿ ಏನೇನು ಸಾಹಸ ಮಾಡಬಹುದು ಎಂದು. ಇನ್ನೊಮ್ಮೆ, ಸಂತ ಫ್ರಾನ್ಸಿಸ್, ಸಂತ ಡೊಮಿನಿಕ್ ಮಾಡಿದ್ದನ್ನು ತಾನೂ ಮಾಡಿದರೆ ಹೇಗಿರುತ್ತದೆ ಎಂದು. ಎರಡೂ ಕನಸು ಕಾಣುವಾಗ ಹಿತವಾಗಿಯೇ ಇದ್ದವು. ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ಉಳಿದ ಸಂತೋಷವನ್ನೇ ಅವರು ಹಿಡಿದುಕೊಂಡು ಹೊರಟರು. ಅದರಿಂದ ಹುಟ್ಟಿದ ಅವರ ಧ್ಯಾನದ ಕ್ರಮಕ್ಕೆ 1548ರಲ್ಲಿ ಪೋಪ್ ಒಪ್ಪಿಗೆ ಕೊಟ್ಟರು. ಇವತ್ತಿಗೂ ದೇವಕರೆಯ ಬಗ್ಗೆ ನಿರ್ಧಾರ ಮಾಡುವವರು ಆ ಕ್ರಮದಲ್ಲಿ ಮೌನಧ್ಯಾನ ಮಾಡುತ್ತಾರೆ.

ಇಗ್ನೇಷಿಯಸರ ಒಂದು ನಿಯಮ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ: ಮನಸ್ಸು ಕುಗ್ಗಿ ದೇವರು ದೂರವಾದಂತೆ ಅನ್ನಿಸುವ ಹೊತ್ತಿನಲ್ಲಿ, ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡ. ಪ್ರೀತಿ ಮುರಿದ ದುಃಖದಲ್ಲಿ "ಮಠ ಸೇರಿಬಿಡ್ತೀನಿ" ಅನ್ನುವುದಾಗಲಿ, ಗುರುಮಠದಲ್ಲಿ (ಗುರುಗಳಾಗುವವರಿಗೆ ತರಬೇತಿ ಕೊಡುವ ಸೆಮಿನರಿಯಲ್ಲಿ) ಒಂದು ಪರೀಕ್ಷೆ ಕೆಟ್ಟಿತೆಂದು ಗಂಟುಮೂಟೆ ಕಟ್ಟುವುದಾಗಲಿ ಸರಿಯಾದ ಹೊತ್ತಿನ ನಿರ್ಧಾರಗಳಲ್ಲ. ಮನಸ್ಸು ತಿಳಿಯಾಗುವ ತನಕ ಕಾಯಬೇಕು.

ವಿವೇಚನೆಗೆ ಬೇಕಾದ ಅಭ್ಯಾಸಗಳು ಸರಳ. ದಿನಾ ಸ್ವಲ್ಪ ಹೊತ್ತು ಶುಭಸಂದೇಶ ಓದಿ ಮೌನವಾಗಿರುವುದು, ಬಲಿಪೂಜೆ, ಪಾಪನಿವೇದನೆ, ಪರಮ ಪ್ರಸಾದದ (ಬಲಿಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯ) ಆರಾಧನೆ, ಮಲಗುವ ಮುಂಚೆ ದಿನವನ್ನು ದೇವರ ಎದುರು ತಿರುವಿ ನೋಡುವುದು. ಇದರ ಜೊತೆ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಆತ್ಮಿಕ ಮಾರ್ಗದರ್ಶಕರು ಬೇಕು. ಈ ಕೊನೆಯದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಒಬ್ಬರೇ ಕೂತು ಯೋಚಿಸಿ ಯೋಚಿಸಿ ಸುಸ್ತಾಗುತ್ತಾರೆ.

ಆಸೆ ಒಂದೇ ಸಾಲದು

"ನನಗೆ ದೇವರು ಹೇಳಿದ್ದಾನೆ, ಇನ್ಯಾರೂ ಕೇಳುವ ಹಾಗಿಲ್ಲ" ಎಂಬ ಮಾತನ್ನು ಧರ್ಮಸಭೆ ಒಪ್ಪುವುದಿಲ್ಲ. ಸಂಗೀತ ಕಲಿಯಲು ಹೊರಟ ಹುಡುಗಿಯನ್ನು ನೆನೆಸಿಕೊಳ್ಳಿ. ಅವಳಿಗೆ ಹಾಡುವ ಆಸೆ ಇರಬೇಕು. ಕಂಠವೂ ಬೇಕು, ಶ್ರುತಿಯ ತಿಳಿವೂ ಬೇಕು. ಇವೆರಡೂ ಇದ್ದು, ಕಲಿಸುವ ಗುರು ಕೂರಿಸಿ ಹಾಡಿಸಿ ನೋಡಿ ಒಪ್ಪಿಕೊಳ್ಳಬೇಕು. ಗುರುಜೀವನದ ವಿಷಯದಲ್ಲೂ ನೋಡುವುದು ಈ ಮೂರನ್ನೇ: ಉದ್ದೇಶ ಶುದ್ಧವಾಗಿದೆಯಾ, ಆ ಬದುಕಿಗೆ ಬೇಕಾದ ಆರೋಗ್ಯ, ಬುದ್ಧಿ, ಗುಣ ಇವೆಯಾ, ಕೊನೆಯಲ್ಲಿ ಧರ್ಮಾಧ್ಯಕ್ಷರು (ಬಿಷಪ್) ಕರೆಯುತ್ತಾರಾ. ಧರ್ಮಾಧ್ಯಕ್ಷರು ಹೆಸರು ಹಿಡಿದು ಕರೆದಾಗಲೇ ಒಳಗಿನ ಕರೆ ಖಚಿತವಾಯಿತು ಎಂದು ಲೆಕ್ಕ.

ಪರೀಕ್ಷೆಯ ಕಾಲ ದೀರ್ಘವಾದದ್ದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಗುರುಮಠದಲ್ಲಿ ತತ್ವಶಾಸ್ತ್ರ ಮತ್ತು ದೈವಶಾಸ್ತ್ರಕ್ಕೆ ಸೇರಿ ಕನಿಷ್ಠ 6 ಪೂರ್ಣ ವರ್ಷ ಬೇಕು. ಅದಕ್ಕೂ ಮುಂಚೆ ಒಂದು ಪೂರ್ವಸಿದ್ಧತೆಯ ಅವಧಿ ಇರುತ್ತದೆ. ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು. ಅದರ ಹಿಂದಿನ ಮೆಟ್ಟಿಲು ಡೀಕನ್, ಅಂದರೆ ಸೇವಾದರ್ಶಿ. ಎರಡರ ನಡುವೆ ಕನಿಷ್ಠ 6 ತಿಂಗಳ ಅಂತರ ಇರಬೇಕು.

ಸಿಸ್ಟರ್, ಬ್ರದರ್ ಆಗುವವರಿಗೆ ಮೆಟ್ಟಿಲುಗಳು ಬೇರೆ. ಕೆಲ ಕಾಲ ಜೊತೆಗಿದ್ದು ನೋಡಿದ ಮೇಲೆ ನೊವಿಶಿಯೇಟ್. ಅಲ್ಲಿ ಕನಿಷ್ಠ 12 ತಿಂಗಳು ಪ್ರಾರ್ಥನೆ ಮತ್ತು ಆ ಸಂಸ್ಥೆಯ ಬದುಕಿನ ಅಭ್ಯಾಸ. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುತ್ತಾರೆ. ಆ ಅವಧಿ ಸಾಮಾನ್ಯವಾಗಿ 3ರಿಂದ 6 ವರ್ಷ, ಅಗತ್ಯವಿದ್ದರೆ ಒಟ್ಟು 9 ವರ್ಷದವರೆಗೆ ಹೋಗಬಹುದು. ಅವಧಿ ಮುಗಿದಾಗ ಹೊರಡಲು ಮನಸ್ಸಾದರೆ ಹೊರಡಬಹುದು. ಬದುಕಿನುದ್ದಕ್ಕೂ ಇರುವ ನಿತ್ಯವ್ರತ ಕೊನೆಯದು.

ಇಷ್ಟು ವರ್ಷ ಯಾಕೆ ಅಂದರೆ, ಎರಡೂ ಕಡೆಯವರು ಬಿಡುವಾಗಿ ನೋಡಿಕೊಳ್ಳಲಿ ಎಂದು. ಮಧ್ಯದಲ್ಲಿ ಮನೆಗೆ ಬಂದವರನ್ನು "ಬಿಟ್ಟು ಬಂದವನು" ಎಂದು ಆಡಿಕೊಳ್ಳುವುದು ತಪ್ಪು. ತನ್ನ ದಾರಿ ಇದಲ್ಲ ಎಂದು ಅಲ್ಲಿ ತಿಳಿದುಕೊಂಡರೆ ಆ ವರ್ಷಗಳು ತಮ್ಮ ಕೆಲಸ ಮಾಡಿವೆ ಎಂದೇ ಅರ್ಥ. ಒಮ್ಮೆ ಪಡೆದ ಗುರುದೀಕ್ಷೆ ಮಾತ್ರ ಅಳಿಸಿಹೋಗುವುದಿಲ್ಲ. ಸೇವೆಯಿಂದ ಬಿಡುಗಡೆ ಸಿಗಬಹುದು, ಆದರೆ ಆ ಸಂಸ್ಕಾರದ ಗುರುತು ಆತ್ಮದಲ್ಲಿ ಉಳಿಯುತ್ತದೆ ಎಂಬುದು ಧರ್ಮಸಭೆಯ ನಂಬಿಕೆ.

ದೀಕ್ಷೆಯ ದಿನದ ವಿಧಿಯನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಶುಭಸಂದೇಶದ ವಾಚನ ಆದ ಮೇಲೆ ಅಭ್ಯರ್ಥಿಯ ಹೆಸರು ಕೂಗುತ್ತಾರೆ. ಅವನು ಎದ್ದು "ಇದ್ದೇನೆ" ಅನ್ನುತ್ತಾನೆ. ಧರ್ಮಾಧ್ಯಕ್ಷರು ತಕ್ಷಣ ಮುಂದುವರಿಯುವುದಿಲ್ಲ. "ಇವನು ಯೋಗ್ಯನೆಂದು ನಿಮಗೆ ಗೊತ್ತೋ?" ಎಂದು ಎಲ್ಲರ ಎದುರು ಕೇಳುತ್ತಾರೆ. ಜನರಲ್ಲಿ ವಿಚಾರಿಸಿದ್ದೇವೆ, ತರಬೇತಿ ಕೊಟ್ಟವರನ್ನು ಕೇಳಿದ್ದೇವೆ, ಯೋಗ್ಯನೆಂದು ಕಂಡಿದ್ದಾನೆ ಎಂದು ಜವಾಬ್ದಾರಿ ಹೊತ್ತ ಗುರುಗಳು ಸಾಕ್ಷಿ ಹೇಳುತ್ತಾರೆ. ಆಮೇಲೆ ಅಭ್ಯರ್ಥಿ ತನ್ನ ಎರಡು ಕೈಗಳನ್ನು ಧರ್ಮಾಧ್ಯಕ್ಷರ ಕೈಗಳ ನಡುವೆ ಇಟ್ಟು ವಿಧೇಯತೆಯ ಮಾತು ಕೊಡುತ್ತಾನೆ. ನೆಲಕ್ಕೆ ಬೋರಲಾಗಿ ಮಲಗುತ್ತಾನೆ. ಸಭೆಯೆಲ್ಲ ಸಂತರ ಹೆಸರು ಹೇಳಿ ಅವನಿಗಾಗಿ ಬೇಡುತ್ತದೆ. ನಂತರ ಧರ್ಮಾಧ್ಯಕ್ಷರು ಒಂದು ಮಾತೂ ಆಡದೆ ಅವನ ತಲೆಯ ಮೇಲೆ ಕೈಯಿಡುತ್ತಾರೆ. ನೆರೆದ ಗುರುಗಳೂ ಒಬ್ಬೊಬ್ಬರಾಗಿ ಬಂದು ಕೈಯಿಡುತ್ತಾರೆ. ಅಭಿಷೇಕದ ತೈಲ ಅಂಗೈಗೆ ಬೀಳುವುದು ಇದೆಲ್ಲ ಆದ ಮೇಲೆ.

ಮದುವೆಯೂ ಕರೆಯೇ

ಮದುವೆಯ ವಿಧಿಯಲ್ಲೂ ಒಪ್ಪಿಗೆಯ ಮುಂಚೆ ಅಂಥದೇ ಒಂದು ಪ್ರಶ್ನೆ ಇದೆ: ಯಾರ ಬಲವಂತವೂ ಇಲ್ಲದೆ ಸ್ವಂತ ಮನಸ್ಸಿನಿಂದ ಬಂದಿದ್ದೀರಾ? ಹೆದರಿಕೆಗೋ ಒತ್ತಾಯಕ್ಕೋ ಕೊಟ್ಟ ಒಪ್ಪಿಗೆಯಿಂದ ಆದ ಮದುವೆಯನ್ನು ಧರ್ಮಸಭೆ ಮದುವೆಯೆಂದೇ ಎಣಿಸುವುದಿಲ್ಲ.

ಫ್ರಾನ್ಸಿನ ಲೂಯಿ ಮಾರ್ಟಿನ್ ಮತ್ತು ಜೆಲಿ ಗೆರಾಂ ಅವರ ಬದುಕು ಇಲ್ಲಿ ತುಂಬಾ ಹೇಳುತ್ತದೆ. ಲೂಯಿಗೆ ಆಲ್ಪ್ಸ್ ಬೆಟ್ಟದ ಸಂತ ಬರ್ನಾರ್ಡರ ಮಠ ಸೇರುವ ಆಸೆ ಇತ್ತು. ಲ್ಯಾಟಿನ್ ಬರುವುದಿಲ್ಲವೆಂದು ಸೇರಿಸಿಕೊಳ್ಳಲಿಲ್ಲ. ಜೆಲಿಗೆ ಕನ್ಯಾಸ್ತ್ರೀ ಆಗಬೇಕಿತ್ತು. ಆಕೆಗೂ ಬಾಗಿಲು ತೆರೆಯಲಿಲ್ಲ. ಅವನು ಗಡಿಯಾರ ರಿಪೇರಿಯ ಅಂಗಡಿ ಇಟ್ಟ, ಆಕೆ ಲೇಸ್ ಹೆಣೆಯುವ ಉದ್ಯಮ ಕಟ್ಟಿದಳು. 1858ರಲ್ಲಿ ಮದುವೆಯಾದರು. 9 ಮಕ್ಕಳು ಹುಟ್ಟಿದರು, 4 ಮಕ್ಕಳು ಎಳವೆಯಲ್ಲೇ ತೀರಿಕೊಂಡರು. 1877ರಲ್ಲಿ ಜೆಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಕೊನೆಯ ಮಗಳಿಗೆ ಇನ್ನೂ 5 ವರ್ಷ ತುಂಬಿರಲಿಲ್ಲ. ಆ ಮಗಳೇ ಲಿಸಿಯೂದ ಸಂತ ತೆರೇಸಾ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಈ ಗಂಡ ಹೆಂಡತಿಯನ್ನು ಒಟ್ಟಿಗೆ ಸಂತರೆಂದು ಸಾರಿದರು. ಮಠ ಇಬ್ಬರಿಗೂ ಇಲ್ಲ ಅಂದಾಗ ಅವರಿಗೆ ನೋವಾಗಿರಲೇಬೇಕು. ಅವರ ಕರೆ ಇದ್ದದ್ದು ಆ ಅಂಗಡಿಯಲ್ಲಿ, ಆ ಮನೆಯಲ್ಲಿ, ಆ ಮಕ್ಕಳ ಹಾಸಿಗೆಯ ಪಕ್ಕದಲ್ಲಿ.

ಮದುವೆಯಾದವರು ಕಾಯಂ ಸೇವಾದರ್ಶಿಗಳಾಗುವುದಕ್ಕೂ ಅವಕಾಶವಿದೆ. ಅದಕ್ಕೆ 35 ವರ್ಷ ತುಂಬಿರಬೇಕು, ಹೆಂಡತಿಯ ಒಪ್ಪಿಗೆಯೂ ಇರಬೇಕು. ಒಂದು ಕರೆ ಇನ್ನೊಂದನ್ನು ಮೆಟ್ಟಿ ಬರುವ ಹಾಗಿಲ್ಲ.

ಬೇಡ ಅಂದರೆ? ತಡವಾದರೆ?

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಒಬ್ಬ ಶ್ರೀಮಂತ ಓಡಿಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಎಲ್ಲವನ್ನೂ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂದಾಗ ಅವನ ಮುಖ ಬಾಡುತ್ತದೆ, ದುಃಖದಿಂದ ಹೊರಟುಹೋಗುತ್ತಾನೆ. ಯೇಸು ಅವನನ್ನು ಹಿಂದಿನಿಂದ ಕೂಗಿ ನಿಲ್ಲಿಸುವುದಿಲ್ಲ, ಶಪಿಸುವುದೂ ಇಲ್ಲ. ಆ ಮಾತು ಹೇಳುವ ಮುಂಚೆ ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದ ಎಂದು ಮಾರ್ಕ ಬರೆಯುತ್ತಾನೆ. ಹತ್ತು ಆಜ್ಞೆಗಳು ಎಲ್ಲರಿಗೂ ಕಡ್ಡಾಯ. ಬ್ರಹ್ಮಚರ್ಯ, ಬಡತನದಂಥ ದಾರಿಗಳನ್ನು ಧರ್ಮಸಭೆ ಆಜ್ಞೆಗಳ ಸಾಲಿಗೆ ಸೇರಿಸುವುದಿಲ್ಲ, ಶುಭಸಂದೇಶದ ಸಲಹೆಗಳು ಎಂದು ಬೇರೆಯಾಗಿ ಇಡುತ್ತದೆ. ಹಾಗಾಗಿ "ಅವತ್ತು ನಾನು ಫಾದರ್ ಆಗಲಿಲ್ಲ, ದೇವರಿಗೆ ನನ್ನ ಮೇಲೆ ಕೋಪ" ಎಂದು ಭಯದಲ್ಲಿ ಬದುಕಬೇಕಾಗಿಲ್ಲ. ಇರುವಲ್ಲೇ ಪವಿತ್ರವಾಗಿ ಬದುಕುವ ಮೊದಲ ಕರೆ ಹಾಗೇ ಇರುತ್ತದೆ.

ತಡವಾದವರಿಗೂ ಉದಾಹರಣೆ ಅದೇ ಮಾರ್ಟಿನ್ ಮನೆಯಲ್ಲಿದೆ. ತೆರೇಸಾ 15ನೇ ವಯಸ್ಸಿಗೇ ಕಾರ್ಮೆಲ್ ಮಠ ಸೇರಿದಳು. ಅಕ್ಕ ಲಿಯೋನಿ ಮಠ ಸೇರುವುದು, ಆರೋಗ್ಯ ಕೆಟ್ಟೋ ಮನಸ್ಸು ಸೋತೋ ಮನೆಗೆ ಬರುವುದು ಮೂರು ಸಲ ನಡೆಯಿತು. ನಾಲ್ಕನೇ ಸಲ, 1899ರಲ್ಲಿ, ಕಾನ್ ಊರಿನ ಮಠಕ್ಕೆ ಹೋದವಳು 1941ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದಳು.

'ಆಗಲಿ' ಅಂದ ಮೇಲೆ

ಒಪ್ಪಿಕೊಂಡ ಮೇಲೆ ಎಲ್ಲ ಸಲೀಸಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮದರ್ ತೆರೇಸಾ 1928ರಲ್ಲಿ ಲೊರೆಟೊ ಸಂಸ್ಥೆ ಸೇರಿ ಕಲ್ಕತ್ತದಲ್ಲಿ ಟೀಚರಾಗಿದ್ದರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಹೋಗಿ ಇರು ಎಂಬ ಎರಡನೇ ಕರೆ ಬಂತು. ಅವರು ಮರುದಿನವೇ ಬೀದಿಗಿಳಿಯಲಿಲ್ಲ. ಆತ್ಮಿಕ ಮಾರ್ಗದರ್ಶಕರಿಗೆ ಹೇಳಿದರು. ಮಹಾಧರ್ಮಾಧ್ಯಕ್ಷರಿಗೆ ಪತ್ರದ ಮೇಲೆ ಪತ್ರ ಬರೆದರು. ಮಹಾಧರ್ಮಾಧ್ಯಕ್ಷರು ಕಾಯಿಸಿದರು, ಪರೀಕ್ಷಿಸಿದರು. ರೋಮ್‌ನ ಅನುಮತಿ ಬಂದು ಹೊರಗೆ ಕಾಲಿಟ್ಟದ್ದು 1948ರಲ್ಲಿ. ಹೊಸ ಸಂಸ್ಥೆಗೆ ಒಪ್ಪಿಗೆ ಸಿಕ್ಕಿದ್ದು 1950ರಲ್ಲಿ. ಕೆಲಸ ಶುರುವಾದ ಮೇಲೆ ಪ್ರಾರ್ಥನೆಯಲ್ಲಿ ದೇವರು ಹತ್ತಿರವಿದ್ದಾನೆ ಎಂಬ ಅನುಭವವೇ ಅವರಿಗೆ ದಶಕಗಟ್ಟಲೆ ಇಲ್ಲವಾಯಿತು. ಅವರು ತೀರಿಕೊಂಡ ಮೇಲೆ ಹೊರಬಂದ ಪತ್ರಗಳಿಂದ ಇದು ಲೋಕಕ್ಕೆ ತಿಳಿಯಿತು. ಆ ಕತ್ತಲಲ್ಲೂ ಅವರು ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ರೋಗಿಗಳನ್ನೂ ಬಿಡಲಿಲ್ಲ.

ಅನುಭವ ಬತ್ತಿತು ಎಂಬ ಒಂದೇ ಕಾರಣಕ್ಕೆ ಕರೆ ಮುಗಿಯಿತು ಎಂದು ತೀರ್ಮಾನಿಸಬಾರದು ಎಂದು ಆತ್ಮಿಕ ಮಾರ್ಗದರ್ಶಕರು ಹೇಳುವುದಕ್ಕೆ ಇಂಥ ಬದುಕುಗಳೇ ಆಧಾರ. ಗಂಡ ಹೆಂಡತಿಗೂ ಇದು ಗೊತ್ತಿರುವ ವಿಷಯವೇ. ಮದುವೆಯ ದಿನದ ಉತ್ಸಾಹ ಹತ್ತನೇ ವರ್ಷಕ್ಕೆ ಅದೇ ರೂಪದಲ್ಲಿ ಇರುವುದಿಲ್ಲ. ಕೊಟ್ಟ ಮಾತನ್ನು ಪ್ರತಿ ಬೆಳಿಗ್ಗೆ ಮತ್ತೆ ಕೊಡಬೇಕಾಗುತ್ತದೆ.

ಮನೆಯವರು ಏನು ಮಾಡಬಹುದು?

ಮನೆಯವರು ಎರಡು ಥರ ಎಡವುತ್ತಾರೆ. ಒಂದು, ತಡೆಯುವುದು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಡೊಮಿನಿಕನ್ ಸಭೆ ಸೇರಿದಾಗ ಸ್ವಂತ ಅಣ್ಣಂದಿರೇ ಹಿಡಿದು ತಂದು ಸುಮಾರು ಒಂದು ವರ್ಷ ಕೋಟೆಯಲ್ಲಿ ಕೂಡಿಹಾಕಿದ್ದರು. ಆತ ಮನಸ್ಸು ಬದಲಿಸಲಿಲ್ಲ, ಮುಂದೆ ಧರ್ಮಸಭೆಯ ಮಹಾಪಂಡಿತನಾದ. ಇನ್ನೊಂದು, ತಳ್ಳುವುದು. ಹರಕೆ ಹೊತ್ತಿದ್ದೇವೆ, ಮನೆತನಕ್ಕೊಬ್ಬ ಫಾದರ್ ಬೇಕು ಎಂದು ಮಗನ ಮೇಲೆ ಹೊರಿಸುವುದು. ಬದುಕಿನ ದಾರಿ ಆರಿಸಿಕೊಳ್ಳುವಾಗ ಯಾರ ಬಲವಂತವೂ ಇರಬಾರದು ಎಂಬುದು ಪ್ರತಿ ಕ್ರೈಸ್ತನ ಹಕ್ಕು ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಯಾರನ್ನಾದರೂ ಬಲವಂತವಾಗಿ ದೀಕ್ಷೆಗೆ ದೂಡುವುದನ್ನು ಅದೇ ಕಾನೂನು ಸ್ಪಷ್ಟವಾಗಿ ನಿಷೇಧಿಸುತ್ತದೆ.

ಮಗ ಅಥವಾ ಮಗಳು ಈ ಮಾತು ತೆಗೆದ ದಿನ ನಗಬೇಡಿ, ಅತ್ತು ಕರೆದು ಹೆದರಿಸಬೇಡಿ, ಊರಿಗೆಲ್ಲ ಸಾರಲೂ ಬೇಡಿ. ಎಷ್ಟು ದಿನದಿಂದ ಹೀಗನ್ನಿಸುತ್ತಿದೆ, ಯಾವಾಗ ಜಾಸ್ತಿ ಅನ್ನಿಸುತ್ತದೆ ಎಂದು ಕೇಳಿ. ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಧರ್ಮಕೇಂದ್ರದ (ನಿಮ್ಮ ಚರ್ಚಿನ) ಗುರುಗಳನ್ನೋ, ಧರ್ಮಪ್ರಾಂತ್ಯದಲ್ಲಿ (ಧರ್ಮಾಧ್ಯಕ್ಷರ ವ್ಯಾಪ್ತಿಯಲ್ಲಿ) ಅಥವಾ ಆ ಸಂಸ್ಥೆಯಲ್ಲಿ ದೇವಕರೆಯ ಜವಾಬ್ದಾರಿ ಹೊತ್ತ ನಿರ್ದೇಶಕರನ್ನೋ ಭೇಟಿಯಾಗಲು ಹೇಳಿ. ಅವರು ಮೊದಲ ದಿನವೇ ಸೇರಿಸಿಕೊಳ್ಳುವುದಿಲ್ಲ. ಮಾತಾಡುತ್ತಾರೆ, ಪ್ರಾರ್ಥಿಸಲು ಹೇಳುತ್ತಾರೆ, ಶಿಬಿರಕ್ಕೋ ಧ್ಯಾನಕೂಟಕ್ಕೋ ಕರೆಯುತ್ತಾರೆ. ಎಷ್ಟೋ ಸಲ, ಓದು ಮುಗಿಸಿ ಬಾ ಎಂದೂ ಹೇಳಿ ಕಳಿಸುತ್ತಾರೆ.